ಹೆಸರು ತಿಳಿಯದ ಗಿಡ, ಕೀಟಗಳನ್ನು ಗುರುತಿಸಲು ನಿಸರ್ಗಾಸಕ್ತರ ನೆರವು



ಹೊಲದ ಬದುವಿನಲ್ಲಿ ಅಪರಿಚಿತ ಗಿಡವೊಂದು ಕಂಡಾಗ ಅದು ಕಳೆಯೋ, ಔಷಧೀಯ ಸಸ್ಯವೋ, ದನಕರುಗಳಿಗೆ ವಿಷವೋ ಎಂಬುದನ್ನು ಅರಿಯದೆ ಕ್ರಮ ಕೈಗೊಳ್ಳಲಾಗದು. ಇಂತಹ ಸಂದರ್ಭದಲ್ಲಿ ಹವ್ಯಾಸಿ ನಿಸರ್ಗಾಸಕ್ತರು ಕೂಡಿ ಜೀವಿಗಳನ್ನು ಗುರುತಿಸುವ ಅಂತರ್ಜಾಲ ತಾಣಗಳು ನಿಮಗೆ ನೆರವಾಗಬಲ್ಲವು. 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್ ಹಾಗೂ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇವುಗಳಲ್ಲಿ ಪ್ರಮುಖವಾದವು.

ಕಾರ್ಯವಿಧಾನ: ಜೀವಿಯ ಛಾಯಾಚಿತ್ರ, ದಿನಾಂಕ ಮತ್ತು ಸ್ಥಳವನ್ನು ದಾಖಲಿಸಿದರೆ ಇತರ ಸದಸ್ಯರು ಅದರ ಹೆಸರನ್ನು ಸೂಚಿಸುತ್ತಾರೆ. ಐನ್ಯಾಚುರಲಿಸ್ಟ್‌ನಲ್ಲಿ ಕನಿಷ್ಠ ಇಬ್ಬರು ಗುರುತಿಸಿ, ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದವನ್ನು ಒಪ್ಪಿದಾಗ ಆ ದಾಖಲೆಯು ‘ಸಂಶೋಧನಾ ದರ್ಜೆ’ ಪಡೆಯಬಲ್ಲದು. ಆದರೆ ಇದು ಸಹಮತವೇ ಹೊರತು ಪ್ರಮಾಣಪತ್ರವಲ್ಲ. ಅನುಭವವಿಲ್ಲದ ಇಬ್ಬರು ಒಂದೇ ತಪ್ಪನ್ನು ಮಾಡಬಹುದು.

ಚಿತ್ರ ತೆಗೆಯುವಾಗ ಗಮನಿಸಬೇಕಾದ ಅಂಶಗಳು:

1. ಇಡೀ ಗಿಡ, ಎಲೆಯ ಎರಡೂ ಬದಿ, ಕಾಂಡದ ಮೇಲೆ ಎಲೆಗಳ ಜೋಡಣೆ, ಹೂವು ಮತ್ತು ಕಾಯಿಯನ್ನು ಬೇರೆ ಬೇರೆಯಾಗಿ ತೆಗೆಯಿರಿ.
2. ಗಾತ್ರ ತಿಳಿಯಲು ಪಕ್ಕದಲ್ಲಿ ನಾಣ್ಯ ಅಥವಾ ಅಳತೆಪಟ್ಟಿ ಇಡಿ.
3. ಕೀಟವಾದರೆ ತಲೆ ಹಾಗೂ ಹಿಂತುದಿ ಸ್ಪಷ್ಟವಾಗಿರಲಿ.

ಮೂರನೆಯ ಅಂಶದ ಮಹತ್ವವನ್ನು ಫಾಲ್ ಸೈನಿಕ ಹುಳುವಿನಿಂದ ತಿಳಿಯಬಹುದು. 2018ರಲ್ಲಿ ಶಿವಮೊಗ್ಗ ಭಾಗದ ಮೆಕ್ಕೆಜೋಳದಲ್ಲಿ ಪತ್ತೆಯಾದ ಈ ಕೀಟವು ದೇಶಕ್ಕೇ ಹೊಸದಾಗಿತ್ತು. ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಗೆರೆ ಮತ್ತು ಹಿಂತುದಿಯ ಬಳಿ ಚೌಕಾಕಾರದಲ್ಲಿರುವ ನಾಲ್ಕು ಕಪ್ಪು ಚುಕ್ಕೆಗಳು ಬೆಳೆದ ಹುಳುವಿನ ಗುರುತುಗಳು. ಇವು ಕಾಣದ ಚಿತ್ರದಿಂದ ಖಚಿತವಾಗಿ ಹೇಳುವುದು ಕಷ್ಟ.

ಎಚ್ಚರಿಕೆ: ಅಂತರ್ಜಾಲದ ಉತ್ತರವೊಂದನ್ನೇ ನಂಬಿ ಯಾವುದೇ ಸೊಪ್ಪು, ಗೆಡ್ಡೆ ಅಥವಾ ಅಣಬೆಯನ್ನು ತಿನ್ನಬೇಡಿ. ಬೇಲಿಯಲ್ಲಿ ಅಂದವಾಗಿ ಅರಳುವ ಗೌರಿ ಹೂವಿನ ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ. ಗೆಣಸೆಂದು ತಪ್ಪಾಗಿ ತಿಂದರೆ ಪ್ರಾಣಾಪಾಯ ಸಂಭವಿಸಬಹುದು. ಹಾವು ಕಚ್ಚಿದಾಗ ಅದರ ಚಿತ್ರಕ್ಕಾಗಿ ಬೆನ್ನಟ್ಟದೆ, ಉತ್ತರಕ್ಕಾಗಿ ಕಾಯದೆ, ಕೂಡಲೇ ಆಸ್ಪತ್ರೆಗೆ ತೆರಳಿ. ಅಪರೂಪದ ವನ್ಯಜೀವಿ ಅಥವಾ ಸಸ್ಯಗಳ ನಿಖರ ಸ್ಥಳವನ್ನು ಬಹಿರಂಗಪಡಿಸಬೇಡಿ. ಅದು ಕಳ್ಳಬೇಟೆಗಾರರಿಗೆ ದಾರಿ ತೋರಿದಂತಾಗುತ್ತದೆ.

ಬೆಳೆಗೆ ಸಿಂಪರಣೆ ಕೈಗೊಳ್ಳುವ ಮುನ್ನ ಕೀಟ ಅಥವಾ ಕಳೆಯ ಮಾದರಿಯೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ ಖಚಿತಪಡಿಸಿಕೊಳ್ಳಿ. ನೀವು ದಾಖಲಿಸುವ ಸ್ಪಷ್ಟವಾದ ಒಂದು ಚಿತ್ರವು ನಾಳೆ ಮತ್ತೊಬ್ಬ ರೈತರ ಬೆಳೆಯನ್ನು ಉಳಿಸಲು ಸಹಾಯಕವಾಗಬಹುದು.