ಹಸುವಿನ ಗರ್ಭ ನಿಲ್ಲಲು ಮೊದಲ ಮೂರು ವಾರದ ಆರೈಕೆ

ಮೂರು ನಾಲ್ಕು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದ ಹಸುವನ್ನು ಗೊಡ್ಡೆಂದು ತಿಳಿದು ಮಾರುವವರುಂಟು. ಆದರೆ ಇಂತಹ ಎಷ್ಟೋ ಹಸುಗಳಲ್ಲಿ ಗರ್ಭ ಕಟ್ಟಿರುತ್ತದೆ. ಗರ್ಭಕೋಶದಲ್ಲಿ ನೆಲೆಯೂರುವ ಮೊದಲೇ ಭ್ರೂಣ ನಾಶವಾಗಿರುತ್ತದೆ. ಒಂದು ಬೆದೆ ವ್ಯರ್ಥವಾದರೆ ಸುಮಾರು 21 ದಿನಗಳ ಮೇವು, ಹಿಂಡಿಯ ಖರ್ಚು ದಂಡ.

ಅಂಡವು ಗರ್ಭನಾಳದಲ್ಲಿ ಫಲಿತವಾಗಿ 4-5 ದಿನಗಳಲ್ಲಿ ಗರ್ಭಕೋಶಕ್ಕೆ ಇಳಿಯುತ್ತದೆ. ಅಲ್ಲಿ ಕೂಡಲೇ ಅಂಟಿಕೊಳ್ಳದೆ, ಗರ್ಭಕೋಶದ ರಸವನ್ನೇ ಹೀರಿ ಬೆಳೆಯುತ್ತದೆ. 16-17ನೆಯ ದಿನದ ಹೊತ್ತಿಗೆ ತಾನಿರುವ ಸುಳಿವನ್ನು ಒಂದು ಸ್ರಾವದ ಮೂಲಕ ತಾಯಿಗೆ ಕೊಡುತ್ತದೆ. ಸುಳಿವು ಸಾಲದಿದ್ದರೆ, ಗರ್ಭವನ್ನು ಕಾಪಾಡುವ ಪ್ರೊಜೆಸ್ಟರಾನ್ ಹಾರ್ಮೋನು ಒದಗಿಸುತ್ತಿದ್ದ ಅಂಡಾಶಯದ ಹಳದಿ ಗಂಟು ಕರಗಿ, ಹಸು ಮತ್ತೆ ಬೆದೆಗೆ ಬರುತ್ತದೆ. ಸುಮಾರು 20ನೆಯ ದಿನದಿಂದ ಭ್ರೂಣ ಗರ್ಭಕೋಶದ ಗೋಡೆಗೆ ಅಂಟತೊಡಗುತ್ತದೆ.

ಭ್ರೂಣ ಗಟ್ಟಿಯಾಗಿರಬೇಕಾದರೆ ಗರ್ಭಧಾರಣೆ ಸಕಾಲದಲ್ಲಿ ಆಗಬೇಕು. ಬಿಡುಗಡೆಯಾದ ಅಂಡಕ್ಕೆ ಕೆಲವೇ ಗಂಟೆಗಳ ಆಯುಷ್ಯ. ಹಳಸಿದ ಅಂಡ ಫಲಿತವಾದರೂ ಭ್ರೂಣ ಉಳಿಯುವುದು ಅಪರೂಪ. ಬೆಳಿಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಮಾಡಿಸಬೇಕು. ಬೇರೆ ದನ ಮೇಲೆ ಹಾರಿದಾಗ ಅಲುಗದೆ ನಿಲ್ಲುವುದೇ ಬೆದೆಯ ನಿಜವಾದ ಗುರುತು. ಲೋಳೆ ಮೊಟ್ಟೆಯ ಬಿಳಿಯಂತೆ ತಿಳಿಯಾಗಿರಬೇಕು. ಕದಡಿದ್ದರೆ ಅಥವಾ ಕೀವು ಬೆರೆತಿದ್ದರೆ ಆ ಬೆದೆಯನ್ನು ಬಿಟ್ಟು ಪಶುವೈದ್ಯರಿಂದ ಚಿಕಿತ್ಸೆ ಮಾಡಿಸಬೇಕು.

ಗರ್ಭಧಾರಣೆಯ ನಂತರದ ಆರೈಕೆಯೂ ಅಷ್ಟೇ ಮುಖ್ಯ. ಮೊದಲ ವಾರದ ಭ್ರೂಣ ತಾಯಿಯ ಮೈಕಾವನ್ನು ತಾಳಲಾರದು. ಆದ್ದರಿಂದ ಬೇಸಿಗೆಯಲ್ಲಿ ನೆರಳು ಮತ್ತು ಸದಾ ಕುಡಿಯುವ ನೀರು ಒದಗಿಸಬೇಕು. ನಡು ಮಧ್ಯಾಹ್ನ ದೂರ ಮೇಯಲು ಅಟ್ಟಬಾರದು. ಮೇವನ್ನು ಹಠಾತ್ತನೆ ಬದಲಿಸಬಾರದು. ಹಸಿರು ಮೇವು ಮತ್ತು ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬಾರದು. ಕರು ಹಾಕಿ ಬಡಕಲಾದ ಹಸುವಿಗೆ ಮೊದಲು ಮೈ ತುಂಬಿಸಿ, ಸುಮಾರು 60 ದಿನ ಕಳೆದ ಮೇಲೆ ಗರ್ಭಧಾರಣೆ ಮಾಡಿಸುವುದು ಒಳ್ಳೆಯದು.

ಭ್ರೂಣ ವರ್ಗಾವಣೆಯಲ್ಲಿಯೂ ಇದೇ ತತ್ತ್ವವಿದೆ. 7 ದಿನದ ಭ್ರೂಣವನ್ನು, ಬೆದೆ ಕಳೆದು ಅಷ್ಟೇ ದಿನವಾದ ಬಾಡಿಗೆ ತಾಯಿ ಹಸುವಿನಲ್ಲಿ ಇಡುತ್ತಾರೆ. ಒಂದು ದಿನಕ್ಕಿಂತ ಹೆಚ್ಚು ಅಂತರವಾದರೆ ಗರ್ಭ ನಿಲ್ಲುವ ಸಂಭವ ಕಡಿಮೆ.

ಪ್ರತಿ ಬೆದೆಯ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲಾದರೂ ಬರೆದಿಡುವುದು ಲೇಸು. ಹಸು 21 ದಿನಕ್ಕೆ ಸರಿಯಾಗಿ ತಿರುಗಿದರೆ ಗರ್ಭ ಕಟ್ಟಿಲ್ಲ ಅಥವಾ ಭ್ರೂಣ ಬೇಗನೆ ಸತ್ತಿದೆ. 25-35 ದಿನಕ್ಕೆ ತಿರುಗಿದರೆ ಭ್ರೂಣ ತಡವಾಗಿ ಸತ್ತಿರುವ ಸಂಭವವುಂಟು. ಈ ಲೆಕ್ಕ ಪಶುವೈದ್ಯರಿಗೆ ರೋಗದ ಮೂಲ ಹುಡುಕಲು ನೆರವಾಗುತ್ತದೆ. ಮೂರು ಸಲ ತಿರುಗಿದ ಹಸುವನ್ನು ಸಂತೆಗೆ ಹೊಡೆಯುವ ಮೊದಲು ಪರೀಕ್ಷೆ ಮಾಡಿಸಿದರೆ, ಒಳ್ಳೆಯ ಹಾಲಿನ ರಾಸೊಂದು ಮನೆಯಲ್ಲೇ ಉಳಿದೀತು.