‘ಶಾಶ್ವತ’ ಎಂಬ ಚುಚ್ಚುಮದ್ದು

ಬೂದಿಕೋಟೆಯಿಂದ ಪದವಿಪೂರ್ವ ತರಗತಿಯ ವಿದ್ಯಾರ್ಥಿಯೊಬ್ಬರು ಹೆಸರು ಹಾಕದೆ ಪತ್ರ ಬರೆದಿದ್ದಾರೆ. ಶಿಶ್ನದ ಗಾತ್ರ ಹೆಚ್ಚಿಸುವ ಚುಚ್ಚುಮದ್ದಿನ ಜಾಹೀರಾತನ್ನು ಬಂಗಾರಪೇಟೆಯ ಗೋಡೆಯೊಂದರ ಮೇಲೆ ನೋಡಿದರಂತೆ. ತಾತ್ಕಾಲಿಕ, ಶಾಶ್ವತ ಎಂಬ ಎರಡು ಬಗೆಯಲ್ಲಿ ಯಾವುದು ಒಳ್ಳೆಯದು ಎಂಬುದು ಅವರ ಪ್ರಶ್ನೆ. ಮನೆಯಲ್ಲಿ ಎಲ್ಲರೂ ಜೊತೆಗೆ ಕುಳಿತು ನೋಡುವುದರಿಂದ ಉತ್ತರ ಟಿ.ವಿ.ಯಲ್ಲಿ ಬೇಡ ಎಂದೂ ಕೇಳಿಕೊಂಡಿದ್ದಾರೆ. ಸರಿ, ಇಲ್ಲೇ ಮಾತಾಡೋಣ.

ಚರ್ಮದಡಿ ತುಂಬಿಸುವ ಇಂಥ ವಸ್ತುವಿಗೆ ‘ಫಿಲ್ಲರ್’ ಎಂದು ಹೆಸರು. ತಾತ್ಕಾಲಿಕ ಬಗೆಯಲ್ಲಿ ಮುಖ್ಯವಾದುದು ಹಯಲುರಾನಿಕ್ ಆಮ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನಿಂದ ಬೇರ್ಪಡಿಸಿದರು. ನಮ್ಮ ಕೀಲು, ಚರ್ಮಗಳಲ್ಲೂ ಇದು ಸಹಜವಾಗಿಯೇ ಇದೆ. ಅದನ್ನು ಕರಗಿಸುವ ಕಿಣ್ವವೂ ದೇಹದಲ್ಲಿರುವುದರಿಂದ ಚುಚ್ಚಿದ್ದು ಕೆಲವು ತಿಂಗಳಿಂದ ಒಂದೆರಡು ವರ್ಷದೊಳಗೆ ಕರಗುತ್ತದೆ. ಎಡವಟ್ಟಾದರೆ ವೈದ್ಯರು ಅದೇ ಕಿಣ್ವವನ್ನು ಚುಚ್ಚಿ ಬೇಗ ಕರಗಿಸಬಹುದು. ಹಾಗೆಂದು ಇದು ಅಪಾಯವಿಲ್ಲದ್ದೇನಲ್ಲ. ಗಂಟು ಕಟ್ಟಬಹುದು, ಸೋಂಕು ತಗಲಬಹುದು, ಸೂಜಿ ರಕ್ತನಾಳದೊಳಗೆ ಹೋದರೆ ಅಲ್ಲಿನ ಅಂಗಾಂಶವೇ ಸಾಯಬಹುದು.

ಶಾಶ್ವತ ಬಗೆಯ ಕಥೆ ಇದಕ್ಕಿಂತ ಹಳೆಯದು. 1899ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ, ಕ್ಷಯದಿಂದಾಗಿ ವೃಷಣಗಳನ್ನು ಕಳೆದುಕೊಂಡ ರೋಗಿಯೊಬ್ಬನಿಗೆ ಆ ಜಾಗದಲ್ಲಿ ವ್ಯಾಸಲೀನ್ ಚುಚ್ಚಿದರು. ನೋಡಲು ಸರಿಯಾಗಿಯೇ ಇತ್ತು. ಯೂರೋಪಿನಲ್ಲೆಲ್ಲ ಪ್ಯಾರಫಿನ್ ಚುಚ್ಚುವ ಹುಚ್ಚು ಹಬ್ಬಿತು. ಕೆಲವು ವರ್ಷಗಳಲ್ಲೇ ಕಲ್ಲಿನಂಥ ಗಂಟುಗಳು, ಹುಣ್ಣುಗಳು ಕಾಣಿಸಿಕೊಂಡವು. ಕಾರಣ ಸರಳ. ಹೊರಗಿನ ವಸ್ತುವನ್ನು ನುಂಗಿ ಜೀರ್ಣಿಸುವ ರಕ್ಷಕ ಕೋಶಗಳು ನಮ್ಮಲ್ಲಿವೆ. ಪ್ಯಾರಫಿನ್ ಆಗಲಿ ಸಿಲಿಕೋನ್ ಆಗಲಿ ಅವಕ್ಕೆ ಜೀರ್ಣವಾಗುವುದಿಲ್ಲ. ಆಗ ಅವು ಸುತ್ತ ಮುತ್ತಿಕೊಂಡು ಗೋಡೆ ಕಟ್ಟುತ್ತವೆ. ಆ ಗೋಡೆಯೇ ಗಂಟು. ವಸ್ತು ಒಂದೆಡೆ ನಿಲ್ಲದೆ ಪಕ್ಕಕ್ಕೆ ಸರಿಯುವುದೂ ಉಂಟು. ಕೆ.ಜಿ.ಎಫ್.ನ ಓದುಗರಿಗೆ ಬೇರೆ ಉದಾಹರಣೆ ಬೇಕೆ? ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಹಾಗೇ ಇವೆ, ಗಾಳಿ ಬೀಸಿದರೆ ಧೂಳು ಮನೆಯೊಳಗೆ ಬರುತ್ತದೆ. ದೇಹದೊಳಗಿನ ಈ ದಿಬ್ಬವನ್ನು ತೆಗೆಯಲು ಶಸ್ತ್ರಕ್ರಿಯೆಯೇ ಬೇಕು. ಎಷ್ಟೋ ಸಲ ಚರ್ಮವನ್ನೂ ಕತ್ತರಿಸಿ ಬೇರೆಡೆಯಿಂದ ಕಸಿ ಮಾಡಬೇಕಾಗುತ್ತದೆ.

ದೇಹದ ಆಕಾರ ಬದಲಿಸಲು ಸಿಲಿಕೋನ್ ಚುಚ್ಚಿಸಿಕೊಳ್ಳಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು. ನಮ್ಮಲ್ಲಿಯೂ 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯ ಪ್ರಕಾರ, ಜನನಾಂಗದ ಗಾತ್ರ ಹೆಚ್ಚಿಸುವುದಾಗಿ ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಗೋಡೆಗಳು ಅದನ್ನು ಓದಿಲ್ಲ, ಅಷ್ಟೆ.

ಈಗ ಪತ್ರಕ್ಕೆ ನೇರ ಉತ್ತರ. ಎರಡರಲ್ಲಿ ಒಂದನ್ನು ಸರಿಪಡಿಸಬಹುದು, ಇನ್ನೊಂದನ್ನು ಸರಿಪಡಿಸುವುದು ಕಷ್ಟ. ಆದರೆ ನಿಮಗೆ ಎರಡೂ ಬೇಡ. ಬೆಳವಣಿಗೆ ಸಾಮಾನ್ಯವಾಗಿ ಹದಿನೆಂಟರ ಆಸುಪಾಸಿನವರೆಗೂ ನಡೆಯುತ್ತದೆ. ಕೆಲವರಿಗೆ ಬೇಗ, ಕೆಲವರಿಗೆ ತಡ. 2015ರಲ್ಲಿ ಲಂಡನ್ನಿನ ಸಂಶೋಧಕರು 15,521 ಪುರುಷರ ಅಳತೆಗಳನ್ನು ಒಟ್ಟುಗೂಡಿಸಿದಾಗ ಬಹುಪಾಲು ಜನ ಸರಾಸರಿಯ ಹತ್ತಿರದಲ್ಲೇ ಇದ್ದರು. ಚಿಂತಿಸಿ ವೈದ್ಯರ ಬಳಿ ಬರುವವರಲ್ಲೂ ಹೆಚ್ಚಿನವರದು ಸಹಜ ಗಾತ್ರವೇ. ನಿಜವಾದ ಬೆಳವಣಿಗೆಯ ತೊಂದರೆ ಅಪರೂಪ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ನಲ್ಲಿ ಕೇಳಿ. ಅಲ್ಲಿ ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕೆಲಸದ ಭಾಗ.

ಸ್ನೇಹಿತರಲ್ಲಿ ಯಾರಾದರೂ ಈಗಾಗಲೇ ಚುಚ್ಚಿಸಿಕೊಂಡಿದ್ದು, ನೋವು, ಜ್ವರ ಇದ್ದರೆ ಇಲ್ಲವೇ ಚರ್ಮ ಬಿಳುಚಿದರೆ, ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಚುಚ್ಚಿದ ಔಷಧದ ಶೀಷೆ ಸಿಕ್ಕರೆ ಅದನ್ನೂ ಜೊತೆಗೆ ಒಯ್ಯಿರಿ.