ಕ್ಯಾಪ್ಟನ್ ನೆಮೋನ ಸೋದರಮಾವ ಗಂಜಾಮಿನವನು

ಪ್ಯಾರಿಸ್ಸಿನ ಪೂರ್ವಕ್ಕೆ, ರೈಲಿನ ಕೊನೆಯ ನಿಲ್ದಾಣವಾದ ಮಾರ್ನ್-ಲಾ-ವಲೇಯಲ್ಲಿ ಇಳಿದರೆ ಎದುರಿಗೇ ಡಿಸ್ನಿಲ್ಯಾಂಡ್. ಅದರೊಳಗೆ ಡಿಸ್ಕವರಿಲ್ಯಾಂಡ್ ಅಂತ ಒಂದು ಭಾಗ. ಅಲ್ಲಿನ ಕೊಳದಲ್ಲಿ ಮೊಸಳೆಯ ಬೆನ್ನಿನ ಹಾಗೆ ಮುಳ್ಳುಮುಳ್ಳಾದ ಒಂದು ಜಲಾಂತರ್ಗಾಮಿ ಅರ್ಧ ಮುಳುಗಿ ನಿಂತಿದೆ. ಹೆಸರು ನಾಟಿಲಸ್. ಒಡೆಯ ಕ್ಯಾಪ್ಟನ್ ನೆಮೋ. ಈ ನೆಮೋನ ಸೋದರಮಾವನ ಗೋರಿ ನಮ್ಮ ಮನೆಯಿಂದ ನಡೆದು ಹೋಗುವ ದೂರದಲ್ಲಿ, ಶ್ರೀರಂಗಪಟ್ಟಣದ ಗಂಜಾಮಿನ ಗುಂಬಜ್‌ನಲ್ಲಿದೆ.

ಹೀಗಂದರೆ ನಮ್ಮ ಬೀದಿಯವರೇ ನಗುತ್ತಾರೆ. ಆದರೆ ಇದನ್ನು ಬರೆದಿಟ್ಟವನು ಜೂಲ್ಸ್ ವರ್ನ್. 1828ರಲ್ಲಿ ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ ಹುಟ್ಟಿದ ವರ್ನ್, ವಿಜ್ಞಾನವನ್ನೇ ಕಥೆಯ ಬಂಡವಾಳ ಮಾಡಿಕೊಂಡ ಮೊದಲಿಗರಲ್ಲೊಬ್ಬ. 1869–70ರಲ್ಲಿ ಧಾರಾವಾಹಿಯಾಗಿ ಬಂದ ‘ಸಮುದ್ರದಡಿ ಇಪ್ಪತ್ತು ಸಾವಿರ ಲೀಗ್’ ಕಾದಂಬರಿಯಲ್ಲಿ ನೆಮೋ ಯಾವ ದೇಶದವನು ಅನ್ನುವುದನ್ನು ಆತ ಬಾಯಿ ಬಿಟ್ಟು ಹೇಳಲಿಲ್ಲ. ಮೊದಲು ಅವನ ಮನಸ್ಸಿನಲ್ಲಿದ್ದದ್ದು ರಷ್ಯಾದ ಮೇಲೆ ಹಗೆ ಸಾಧಿಸುವ ಪೋಲೆಂಡಿನ ಒಬ್ಬ ಕುಲೀನ. ರಷ್ಯಾದಲ್ಲಿ ಪುಸ್ತಕ ಮಾರುವ ಆಸೆಯಿದ್ದ ಪ್ರಕಾಶಕ ಹೆಟ್ಜೆಲ್ ಅದಕ್ಕೆ ಒಪ್ಪಲಿಲ್ಲ. ಗುಟ್ಟು ಹೊರಬಿದ್ದದ್ದು 1874–75ರ ‘ನಿಗೂಢ ದ್ವೀಪ’ದ ಕೊನೆಯಲ್ಲಿ. ಸಾಯುವ ಮುಂಚೆ ನೆಮೋ ತನ್ನ ಕಥೆ ಹೇಳಿಕೊಳ್ಳುತ್ತಾನೆ: ತಾನು ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರ ದಂಗೆಯಲ್ಲಿ ಕತ್ತಿ ಹಿಡಿದು ಮನೆಮಂದಿಯನ್ನೆಲ್ಲ ಕಳೆದುಕೊಂಡವನು, ಟಿಪ್ಪೂ ಸಾಹೇಬನ ಸೋದರಳಿಯ.

ನಾನು ಇದನ್ನು ಓದಿದ್ದು ಮೈಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದಾಗ, ರಾತ್ರಿ ಪಾಳಿಯ ಊಟದ ಬಿಡುವಿನಲ್ಲಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು. ಸಂಕ್ಷಿಪ್ತ ಪ್ರತಿಗಳಲ್ಲಿ ಈ ಭಾಗವನ್ನು ಕತ್ತರಿಸಿಬಿಡುವುದುಂಟು, ಹಾಗಾಗಿ ಪೂರ್ತಿ ಪ್ರತಿ ಹುಡುಕಿ ಓದಬೇಕು. ‘ನಿಗೂಢ ದ್ವೀಪ’ ಕಾರ್ಖಾನೆಯವರು ಓದಬೇಕಾದ ಪುಸ್ತಕ ಅಂತ ನಾನು ಈಗಲೂ ವಾದಿಸುತ್ತೇನೆ. ಬಲೂನಿನಿಂದ ಬಿದ್ದ ಐವರು ಬರಿಗೈಯಲ್ಲಿ ಇಟ್ಟಿಗೆ ಸುಟ್ಟು, ಅದಿರು ಕರಗಿಸಿ, ಕಬ್ಬಿಣ ಬಡಿದು, ಕೊನೆಗೆ ತಂತಿ ವರ್ತಮಾನದ ತನಕ ಬರುತ್ತಾರೆ. ಅವರ ಮುಂದಾಳು ಇಂಜಿನಿಯರ್. ನಮ್ಮ ಶಾಪ್ ಫ್ಲೋರಿನಲ್ಲಿ ಅಂಥ ಇಂಜಿನಿಯರುಗಳು ಅಪರೂಪಕ್ಕೆ ಒಬ್ಬಿಬ್ಬರು ಬರುತ್ತಿದ್ದರು.

ಮಗಳು ಪ್ಯಾರಿಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಐಫೆಲ್ ಗೋಪುರ ತೋರಿಸುವ ಹಟ ಹಿಡಿದಿದ್ದಳು. ನಾನು ನಾಟಿಲಸ್ ಅಂದೆ.

“ಅಪ್ಪ, ಅದು ಮಕ್ಳು ಆಡೋ ಜಾಗ ಕಣಪ್ಪ.”

“ಮಕ್ಳನ್ನೂ ಕರ್ಕೊಂಡು ಹೋಗಣ ಬಿಡು.”

ಮೊಮ್ಮಗ ರೈಲಿನಲ್ಲೇ ಕೇಳಿದ: “ತಾತ, ನೀಮೊ ಅಂದ್ರೆ ಮೀನಲ್ವಾ?” 2003ರ ಕಾರ್ಟೂನ್ ಚಿತ್ರದ ಕಿತ್ತಳೆ ಬಣ್ಣದ ಮೀನು ಎಷ್ಟು ಗೆದ್ದಿದೆಯೆಂದರೆ, ಈ ತಲೆಮಾರಿಗೆ ಕ್ಯಾಪ್ಟನ್ನನ ಹೆಸರು ಮೀನಿನ ಹೆಸರೇ. ನಾನು ಅವನಿಗೆ ಬುಂದೇಲಖಂಡದಿಂದ ಶುರು ಮಾಡಿ ಹೇಳುವಷ್ಟರಲ್ಲಿ ನಿಲ್ದಾಣ ಬಂತು.

‘ನಾಟಿಲಸ್‌ನ ರಹಸ್ಯಗಳು’ ಅನ್ನುವ ಈ ತಾಣ ತೆರೆದದ್ದು 1994ರಲ್ಲಿ, ಡಿಸ್ನಿಲ್ಯಾಂಡ್ ಪ್ಯಾರಿಸ್ ಶುರುವಾದ ಎರಡು ವರ್ಷಕ್ಕೆ. ಬೇರೆಡೆಯ ಹಾಗೆ ಬೆಲ್ಟ್ ಕಟ್ಟಿ ಗಿರಗಿರ ತಿರುಗಿಸುವ ಆಟ ಇಲ್ಲಿಲ್ಲ. ನಡೆದುಕೊಂಡು ನೋಡಬೇಕು. ಅದಕ್ಕೇ ಇರಬೇಕು, ಸರದಿಯೂ ಇಲ್ಲ. ದಡದಲ್ಲಿ ಸುರುಳಿ ಮೆಟ್ಟಿಲಿನ ಒಂದು ಬಾಯಿ, ಇಳಿದು ಹೋದರೆ ಮಂದ ಬೆಳಕಿನ ಓಣಿ, ಒಂದಾದ ಮೇಲೊಂದು ಕೋಣೆ: ನೀರು ತುಂಬಿಸುವ ಅಂಕಣ, ಕ್ಯಾಪ್ಟನ್ನನ ಮಲಗುವ ಕೋಣೆ, ನಕಾಶೆಗಳ ಕೋಣೆ, ಮುಳುಗುವವರ ಹಿತ್ತಾಳೆ ಟೊಪ್ಪಿಗೆ ಮತ್ತು ಅಂಗಿಗಳನ್ನು ನೇತುಹಾಕಿದ ಕೋಣೆ, ಆಮೇಲೆ ದೊಡ್ಡ ದಿವಾನಖಾನೆ. ಅಲ್ಲಿ ಕೊಳವೆಗಳ ದೊಡ್ಡ ಆರ್ಗನ್ ವಾದ್ಯ, ಗುಂಡನೆಯ ಭಾರಿ ಕಿಟಕಿ. ಕಿಟಕಿಯ ಕಣ್ಣು ತೆರೆದುಕೊಳ್ಳುತ್ತದೆ, ಆಚೆ ಹಸಿರು ನೀರಿನಲ್ಲಿ ದೈತ್ಯ ಸ್ಕ್ವಿಡ್ ಬಂದು ಗಾಜಿಗೆ ಅಪ್ಪಳಿಸುತ್ತದೆ. ಮೊಮ್ಮಗ ನನ್ನ ಅಂಗಿ ಹಿಡಿದ. ಕೊನೆಗೆ ಇಂಜಿನ್ ಕೋಣೆ.

ಹೊರಗೆ ಕೊಳದಲ್ಲಿ ಕಾಣುವ ಹಡಗಿಗೂ ಒಳಗಿನ ಕೋಣೆಗಳಿಗೂ ಅಳತೆ ತಾಳೆಯಾಗುವುದಿಲ್ಲ. ನಾವು ನಡೆಯುವುದು ಹಡಗಿನೊಳಗಲ್ಲ, ಕೊಳದ ಪಕ್ಕದಲ್ಲಿ ನೆಲದಡಿ ಕಟ್ಟಿದ ಕಟ್ಟಡದಲ್ಲಿ. ಗೊತ್ತಾದ ಮೇಲೂ ನನಗೇನೂ ಬೇಸರವಾಗಲಿಲ್ಲ. ಗೋಡೆಯ ರಿವೆಟ್‌ಗಳ ಸಾಲು, ವಾಲ್ವ್ ಚಕ್ರಗಳು, ಒತ್ತಡ ತೋರಿಸುವ ಗೇಜುಗಳು ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದ್ದಾರೆ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹಿಂಬಾಲಿಸಿ ನೋಡುತ್ತ ನಿಂತೆ. ಮಗಳು ಎರಡು ಸಲ ಕೂಗಿದಳು.

ಆದರೆ ನಾನು ಹುಡುಕುತ್ತಿದ್ದದ್ದು ಪೈಪನ್ನಲ್ಲ. ಆ ಕೋಣೆಗಳಲ್ಲಿ ನಮ್ಮ ಕಡೆಯ ಮನುಷ್ಯನೊಬ್ಬ ಬದುಕಿದ್ದ ಅನ್ನುವುದಕ್ಕೆ ಒಂದು ಗುರುತು ಬೇಕಿತ್ತು. ಒಂದು ಪಟ, ಒಂದು ಅಕ್ಷರ, ಕಳೆದುಕೊಂಡ ಹೆಂಡತಿ ಮಕ್ಕಳ ಒಂದು ನೆನಪು. ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಇದಕ್ಕೆ ಕಾರಣವೂ ಸರಳ. ಈ ತಾಣವನ್ನು ಕಟ್ಟಿದ್ದು ವರ್ನ್‌ನ ಪುಸ್ತಕ ನೋಡಿಕೊಂಡಲ್ಲ, 1954ರ ಡಿಸ್ನಿ ಸಿನಿಮಾ ನೋಡಿಕೊಂಡು. ಅದರಲ್ಲಿ ನೆಮೋ ಆದವನು ಇಂಗ್ಲಿಷ್ ನಟ ಜೇಮ್ಸ್ ಮೇಸನ್. ಬುಂದೇಲಖಂಡದ ಬದಲು ಕಾಲ್ಪನಿಕ ಸೆರೆದ್ವೀಪವೊಂದರಿಂದ ತಪ್ಪಿಸಿಕೊಂಡ ಕೈದಿಯಾಗಿ ಅವನನ್ನು ಮಾರ್ಪಡಿಸಿದರು. ಇಂಗ್ಲಿಷರ ಮೇಲೆ ಹಗೆ ಹೊತ್ತು ಸಮುದ್ರಕ್ಕಿಳಿದವನ ಪಾತ್ರ ಇಂಗ್ಲಿಷಿನವನಿಗೇ ಸಿಕ್ಕಿತು! ಮುಂದೆ 2003ರಲ್ಲಿ ನಾಸಿರುದ್ದೀನ್ ಶಾ ಒಂದು ಹಾಲಿವುಡ್ ಚಿತ್ರದಲ್ಲಿ ನೆಮೋ ಆದಾಗ ಪೇಟ ಸುತ್ತಿಕೊಂಡ ನಿಜವಾದ ಡಕ್ಕರ್ ತೆರೆಯ ಮೇಲೆ ಬಂದ. ಚಿತ್ರ ಸಪ್ಪೆ. ನೆಮೋ ಮಾತ್ರ ಸರಿ.

ಯಂತ್ರ ಉಳಿಸಿಕೊಂಡು ದುಃಖ ತೆಗೆದುಹಾಕಿದರೆ ನೆಮೋ ಬರೀ ಗಡ್ಡದ ಹುಚ್ಚನಾಗುತ್ತಾನೆ ಅನ್ನುವುದು ನನ್ನ ತಕರಾರು. ಪುಸ್ತಕದಲ್ಲಿ, ಸಿಂಹಳದ ಹತ್ತಿರ ಮುತ್ತು ತೆಗೆಯುವ ಬಡವನೊಬ್ಬನನ್ನು ಶಾರ್ಕ್ ಬಾಯಿಂದ ಬಿಡಿಸಲು ನೆಮೋ ಕಠಾರಿ ಹಿಡಿದು ನುಗ್ಗುತ್ತಾನೆ. ಆಮೇಲೆ ಅವನ ಕೈಗೆ ಮುತ್ತಿನ ಚೀಲ ಇಟ್ಟು ಬರುತ್ತಾನೆ. ತುಳಿತಕ್ಕೊಳಗಾದವರ ದೇಶವೇ ತನ್ನ ದೇಶ ಅಂತ ಅಲ್ಲಿ ಹೇಳಿಕೊಳ್ಳುತ್ತಾನೆ. ಆ ಪುಟ ಗೊತ್ತಿದ್ದರೆ ಸ್ಕ್ವಿಡ್ಡಿನ ಕಿಟಕಿಯೂ ಬೇರೆ ಥರ ಕಾಣುತ್ತದೆ.

ವರ್ನ್‌ನ ಲೆಕ್ಕದಲ್ಲಿ ತೊಡಕಿಲ್ಲ ಅಂತಲ್ಲ. ಟಿಪ್ಪು ಸತ್ತದ್ದು 1799ರ ಮೇ 4. ಡಕ್ಕರ್ ಹತ್ತನೇ ವರ್ಷಕ್ಕೆ ಯುರೋಪಿಗೆ ಓದಲು ಹೋಗಿ, ಮೂವತ್ತು ತುಂಬಿ 1849ರಲ್ಲಿ ಊರಿಗೆ ಬಂದ ಅನ್ನುತ್ತಾನೆ. ಅಂದರೆ ಮಾವ ಸತ್ತು ಇಪ್ಪತ್ತು ವರ್ಷಕ್ಕೆ ಅಳಿಯ ಹುಟ್ಟಿದ. ಬುಂದೇಲಖಂಡದ ರಾಜಮನೆತನಕ್ಕೂ ಶ್ರೀರಂಗಪಟ್ಟಣಕ್ಕೂ ಯಾವ ನಂಟೂ ಇರಲಿಲ್ಲ. ವರ್ನ್ ಇಂಡಿಯಾಕ್ಕೆ ಬಂದವನೇ ಅಲ್ಲ. ಆದರೂ ಅವನು ಈ ಹೆಸರನ್ನೇ ಯಾಕೆ ಆರಿಸಿಕೊಂಡ ಅನ್ನುವುದು ಅಂದಾಜಿಗೆ ನಿಲುಕುವ ವಿಷಯ. ಫ್ರೆಂಚರಿಗೆ ಟಿಪ್ಪು ಗುರುತಿನವನು. 1788ರಲ್ಲಿ ಅವನ ಮೂವರು ರಾಯಭಾರಿಗಳು ವರ್ಸೇಯ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡಾಗ ಅವರನ್ನು ನೋಡಲು ಪ್ಯಾರಿಸ್ ಮುಗಿಬಿದ್ದಿತ್ತು. 1813ರಲ್ಲಿ, ನೆಪೋಲಿಯನ್ನನ ಕಾಲದಲ್ಲೇ, ಟಿಪ್ಪುವಿನ ಮೇಲೆ ಒಂದು ದುರಂತ ನಾಟಕ ಪ್ಯಾರಿಸ್ಸಿನ ರಂಗಕ್ಕೆ ಬಂತು. ಇಂಗ್ಲಿಷರ ವೈರಿ ಅನ್ನುವುದಕ್ಕೆ ಫ್ರೆಂಚ್ ಓದುಗನಿಗೆ ಅದೊಂದು ಹೆಸರು ಸಾಕಿತ್ತು.

ನನಗೆ ಚುಚ್ಚುವ ಸಂಗತಿ ಇನ್ನೊಂದು. ನಾಟಿಲಸ್ ಕಟ್ಟಿದ ಬಗೆಯನ್ನು ನೆಮೋ ವಿವರವಾಗಿ ಹೇಳುತ್ತಾನೆ. ಎಪ್ಪತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ, ಒಳಗೊಂದು ಹೊರಗೊಂದು ಎರಡು ಉಕ್ಕಿನ ಮೈ, ನಡೆಸುವುದೆಲ್ಲ ವಿದ್ಯುತ್ತು. ಗುಟ್ಟು ಬಯಲಾಗದಿರಲಿ ಅಂತ ಒಂದೊಂದು ಭಾಗವನ್ನು ಒಂದೊಂದು ಹೆಸರಿನಲ್ಲಿ ಬೇರೆಬೇರೆ ಕಾರ್ಖಾನೆಗೆ ಹೇಳಿ ಮಾಡಿಸಿರುತ್ತಾನೆ: ಅಡಿಗಟ್ಟು ಫ್ರಾನ್ಸಿನ ಕ್ರೂಸೋದಲ್ಲಿ, ಶಾಫ್ಟು ಲಂಡನ್ನಿನಲ್ಲಿ, ಹೊರಮೈಯ ಹಲಗೆ ಲಿವರ್‌ಪೂಲಿನಲ್ಲಿ, ಪ್ರೊಪೆಲರ್ ಗ್ಲಾಸ್ಗೋದಲ್ಲಿ, ಇಂಜಿನ್ ಜರ್ಮನಿಯ ಕ್ರುಪ್‌ನಲ್ಲಿ. ಎಲ್ಲ ತಂದು ನಿರ್ಜನ ದ್ವೀಪದಲ್ಲಿ ಜೋಡಣೆ. ಪರ್ಚೇಸ್ ವಿಭಾಗದವರು ಓದಿದರೆ ಕೈಮುಗಿಯಬೇಕು. ಆದರೆ ಇಂಡಿಯಾದ ರಾಜಕುಮಾರನ ಹಡಗಿಗೆ ಇಂಡಿಯಾದಿಂದ ಒಂದು ಬೋಲ್ಟೂ ಹೋಗಲಿಲ್ಲವಲ್ಲ! ಮಾವನ ಊರಿನಲ್ಲಿ ಕಬ್ಬಿಣದ ಕೆಲಸ ಬಲ್ಲವರಿಗೇನು ಬರವಿತ್ತೇ?

ಇದ್ದರು ಅನ್ನುವುದಕ್ಕೆ ಸಾಕ್ಷಿ ನಮ್ಮ ಗಂಜಾಮಿನ ದರಿಯಾ ದೌಲತ್‌ನ ಪಡುವಣ ಗೋಡೆ. 1784ರ ಈ ತೇಗದ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಇಂಗ್ಲಿಷ್ ಸೈನ್ಯ ಚೌಕಾಕಾರದಲ್ಲಿ ನಿಂತಿದೆ, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ, ಅವನ ಹತ್ತಿರವೇ ಮದ್ದಿನ ಬಂಡಿ ಸಿಡಿಯುತ್ತಿದೆ. ಆ ಬಂಡಿಗೆ ಬೆಂಕಿ ತಾಗಿಸಿದ್ದು ಮೈಸೂರಿನ ರಾಕೆಟ್ಟು ಅಂತ ಹೇಳುತ್ತಾರೆ. ಆ ರಾಕೆಟ್ಟಿನ ಜಾಣತನ ಇದ್ದದ್ದು ಕೊಳವೆಯಲ್ಲಿ. ಬೇರೆಯವರು ಕಾಗದದ ಕೊಳವೆಗೆ ಮದ್ದು ತುಂಬುತ್ತಿದ್ದ ಕಾಲದಲ್ಲಿ ಮೈಸೂರಿನವರು ಕಬ್ಬಿಣದ ಕೊಳವೆ ಮಾಡಿದರು. ಕಬ್ಬಿಣ ಸೀಳುವುದಿಲ್ಲ, ಹಾಗಾಗಿ ಮದ್ದನ್ನು ಒತ್ತಿ ತುಂಬಬಹುದು, ಒಳಗಿನ ಒತ್ತಡ ಹೆಚ್ಚುತ್ತದೆ, ಅದೇ ಒತ್ತಡ ಹಿಂದಿನ ತೂತಿನಿಂದ ನುಗ್ಗುವಾಗ ರಾಕೆಟ್ ಮುಂದಕ್ಕೆ ಹಾರುತ್ತದೆ. ನೆಟ್ಟಗೆ ಹೋಗಲಿ ಅಂತ ಉದ್ದನೆಯ ಬಿದಿರಿನ ಗಳು ಕಟ್ಟುತ್ತಿದ್ದರು. ಒಂದೂವರೆ ಎರಡು ಕಿಲೋಮೀಟರ್ ದೂರ ಬೀಳುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಇಂಥ ಕೊಳವೆಗಳು ಸಾವಿರದ ಲೆಕ್ಕದಲ್ಲಿ ಸಿಕ್ಕವು.

1799ರ ಮೇಲೆ ಇವು ಇಂಗ್ಲೆಂಡಿಗೆ ಹೋದವು, ವಿಲಿಯಂ ಕಾಂಗ್ರೀವ್ ಇವುಗಳ ಮೇಲೆ ಕೆಲಸ ಮಾಡಿ ತನ್ನ ರಾಕೆಟ್ ತಯಾರಿಸಿದ. ಅವು 1807ರಲ್ಲಿ ಕೋಪನ್‌ಹೇಗನ್ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಬಿದ್ದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟು ಇದೇ. ಇನ್ನು 1865ರಲ್ಲಿ ವರ್ನ್ ಬರೆದ ಚಂದ್ರಯಾನದ ಕಥೆಗೆ ಬನ್ನಿ. ಚಂದ್ರನಿಗೆ ಗುಂಡು ಹಾರಿಸುವ ಸಂಘ ಯಾವ ಊರಿನದು? ಬಾಲ್ಟಿಮೋರಿನದು. ಹಾರಿಸುವುದು ಫಿರಂಗಿಯಿಂದಲೇ ಆದರೂ, ಚಂದ್ರನ ಮೇಲೆ ಇಳಿಯುವಾಗ ಬೀಳುವ ವೇಗ ತಗ್ಗಿಸಲು ಒಳಗಿರುವವರು ಜೊತೆಗೆ ಒಯ್ಯುವುದು ರಾಕೆಟ್. ವರ್ನ್ ಇದನ್ನೆಲ್ಲ ಲೆಕ್ಕ ಹಾಕಿ ಬರೆದನೆಂದು ನಾನು ಹೇಳುತ್ತಿಲ್ಲ. ಗಂಜಾಮಿನವನ ಕಣ್ಣಿಗೆ ಹೀಗೆ ಕಾಣುತ್ತದೆ, ಅಷ್ಟೆ. ನಾಟಿಲಸ್‌ನ ಪಕ್ಕದಲ್ಲೇ ಆ ಫಿರಂಗಿಯ ರೋಲರ್ ಕೋಸ್ಟರ್ 1995ರಲ್ಲಿ ಶುರುವಾಗಿತ್ತು, ಈಗ ಅದನ್ನು ಸ್ಟಾರ್ ವಾರ್ಸ್‌ಗೆ ಬದಲಾಯಿಸಿದ್ದಾರೆ. ಮಗಳು ಹತ್ತಿ ಬಂದಳು. ನಾನು ಕೆಳಗೆ ಬೆಂಚಿನ ಮೇಲೆ ಕೂತು ಮೊಮ್ಮಗನಿಗೆ ರಾಕೆಟ್ ಕಥೆ ಹೇಳಿದೆ.

ನಮ್ಮೂರಿಗೂ ಒಂದು ಥೀಮ್ ಪಾರ್ಕ್ ಬರಲಿ ಅನ್ನುವವನಲ್ಲ ನಾನು. ನಿಮಿಷಾಂಬಾ ದೇವಸ್ಥಾನದ ಭಾನುವಾರದ ಟ್ರಾಫಿಕ್ಕೇ ಸಾಕಾಗಿದೆ. ಕಲ್ಪನೆಗೆ ಸಮನಾದ ಯಂತ್ರದ ಕೆಲಸವನ್ನು ಇಲ್ಲೇ ಕಂಡದ್ದೂ ಇದೆ. ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಬುಡಕ್ಕೆ ಜಾಕ್ ಕೊಟ್ಟು ಎತ್ತಿ, ಇಡಿಯಾಗಿ ನೂರು ಮೀಟರಿಗೂ ಆಚೆ ಸರಿಸಿದರು. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅದರ ಮುಂದೆ ಡಿಸ್ನಿಯ ಸ್ಕ್ವಿಡ್ಡು ಏನೂ ಅಲ್ಲ.

ಗುಂಬಜ್‌ಗೆ ಬರುವವರಿಗೆ ಗೈಡ್‌ಗಳು ಹೇಳುವುದು ನೆಟ್ಟಗಿನ ವಿವರ: ತಂದೆ ಹೈದರನಿಗಾಗಿ ಟಿಪ್ಪು 1782–84ರಲ್ಲಿ ಕಟ್ಟಿಸಿದ್ದು, ಸುತ್ತ 36 ಕರಿಕಲ್ಲಿನ ಕಂಬ, ಒಳಗೋಡೆಗೆ ಹುಲಿಪಟ್ಟೆ, ತಂದೆ ತಾಯಿ ಮಗ ಮೂವರ ಗೋರಿ. ಅವರಲ್ಲಿ ಪರಿಚಯದ ಹುಡುಗನೊಬ್ಬನಿಗೆ ನಾನು ನೆಮೋನ ಕಥೆ ಪೂರ್ತಿ ಹೇಳಿಕೊಟ್ಟೆ, ವರ್ಷದ ತೊಡಕೂ ಸೇರಿಸಿ. ಮೊನ್ನೆ ಫ್ರೆಂಚ್ ಪ್ರವಾಸಿಗಳ ಗುಂಪಿಗೆ ಅವನು ಕೈಯೆತ್ತಿ ಹೇಳುವುದನ್ನು ಕಂಬದ ಮರೆಯಲ್ಲಿ ನಿಂತು ಕೇಳಿದೆ. ನೆಮೋನ ಹೆಸರು ಬಂದದ್ದೇ ಅವರ ಮುಖಗಳೆಲ್ಲ ಅರಳಿದವು. ಅಷ್ಟಕ್ಕೆ ನಿಲ್ಲಿಸಬಾರದೇ? ಜಲಾಂತರ್ಗಾಮಿಯ ಮೊದಲ ಪ್ರಯೋಗ ಇಲ್ಲೇ, ಸಂಗಮದ ಮಡುವಿನಲ್ಲಿ ನಡೆಯಿತು ಅಂದುಬಿಟ್ಟ. ಗುಂಪು ಹೋದ ಮೇಲೆ ಹಿಡಿದು ಕೇಳಿದೆ.

“ಏನಯ್ಯಾ ಇದು, ಸಂಗಮಕ್ಕೆ ಎಲ್ಲಿಂದ ಬಂತು ಜಲಾಂತರ್ಗಾಮಿ?”

“ಕಥೆ ತಾನೇ ಯಜಮಾನ್ರೇ, ಅವ್ರ ಸಾಹೇಬ್ನೂ ಸುಳ್ಳೇ ಅಲ್ವಾ ಬರ್ದಿರೋದು?”